ಜಗಲಿಗೆ ಎತ್ತಿಟ್ಟ ಕಲ್ಲು

ಇಪ್ಪತ್ತೆರಡು ವರ್ಷ, ದಿನಕ್ಕೆ ಎರಡು ಸಲ, ನಾನು ನಮ್ಮ ಮನೆಯ ಜಗಲಿಯ ಮೇಲೆ ನಿಂತು ಅಂಗೈಗಳನ್ನು ಪಟಪಟ ಬಡಿದು ಧೂಳು ಕೊಡವಿಕೊಂಡಿದ್ದೇನೆ. ಕೈಯಲ್ಲಿ ಧೂಳೇ ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಎದುರು ಮನೆಯ ರಾಚಮ್ಮ ಬಾಗಿಲಿಗೆ ನೀರು ಹಾಕುತ್ತಾ "ಆಯ್ತೇನಪ್ಪಾ ಪಂಚಾಕ್ಷರಿ, ಕಲ್ಲು?" ಅಂತ ಕೇಳುತ್ತಿದ್ದಳು. ನಾನು "ಆಯ್ತು ರಾಚಮ್ಮಾ" ಅನ್ನುತ್ತಿದ್ದೆ. ಅಷ್ಟಕ್ಕೆ ಬಿಡದೆ ಸೊಂಟದ ಮೇಲೆ ಕೈಯಿಟ್ಟು ಒಂದೆರಡು ಏದುಸಿರು ಬೇರೆ ಬಿಡುತ್ತಿದ್ದೆ. ನಾಟಕ ಅಂದಮೇಲೆ ಪೂರ್ತಿ ಆಡಬೇಕಲ್ಲ! ಕಲ್ಲು ಎತ್ತಿದವಳು ಆಗ ಒಳಗೆ ಒಲೆ ಮುಂದೆ ಕೂತು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿರುತ್ತಿದ್ದಳು. ಅವಳು ನನ್ನ ಹೆಂಡತಿ ಸರ್ವಮಂಗಳಾ.

ನಮ್ಮೂರಿನ ಮನೆಗಳು ಸಂಜೆ ನೆಲ ಬಿಟ್ಟು ಏಳುತ್ತವೆ. ದೀಪ ಹಚ್ಚುವ ಹೊತ್ತಿಗೆ ಮೊದಲು ಒಂದು ಬೆರಳು, ಆಮೇಲೆ ಒಂದು ಗೇಣು, ಹಾಗೇ ಬಿಟ್ಟರೆ ಮಾಳಿಗೆಯೆತ್ತರ, ಕೊನೆಗೆ ಹಾರಿಯೇ ಹೋಗುತ್ತವೆ. ಅದಕ್ಕೇ ಪ್ರತಿ ಮನೆಗೂ ಅದರದ್ದೇ ಒಂದು ಗುಂಡುಕಲ್ಲು ಇರುತ್ತದೆ. ಸಂಜೆ ಅದನ್ನು ನೆಲದಿಂದ ಎತ್ತಿ ಜಗಲಿಯ ಮೇಲಿಟ್ಟರೆ ಮನೆ ತೆಪ್ಪಗೆ ಕೂರುತ್ತದೆ. ಬೆಳಿಗ್ಗೆ ಇಳಿಸಬೇಕು, ಇಲ್ಲದಿದ್ದರೆ ಮನೆ ದಿನದಿನಕ್ಕೂ ನೆಲದೊಳಗೆ ಇಳಿಯುತ್ತದೆ. ಒಂದು ದೊಡ್ಡ ಕಲ್ಲಿನ ಬದಲು ಹತ್ತು ಸಣ್ಣ ಕಲ್ಲು ಇಡಬಾರದೇ ಅಂತ ಹೊಸಬರು ಕೇಳುತ್ತಾರೆ. ಹೂಗಾರರ ಓಣಿಯ ಒಬ್ಬರು ಇಟ್ಟು ನೋಡಿದರು. ಅವರ ಮನೆ ಇದ್ದ ಜಾಗದಲ್ಲಿ ಈಗ ಹುಡುಗರು ಕಬಡ್ಡಿ ಆಡುತ್ತಾರೆ.

ಕಲ್ಲನ್ನು ಮನೆಯವರೇ ಎತ್ತಬೇಕು. ಹೊರಗಿನವರ ಕೈಯಲ್ಲಿ ಎತ್ತಿಸಿದರೆ ಮನೆ ಮುನಿಸಿಕೊಂಡು, ಎತ್ತಿದವರ ಮನೆಯಿರುವ ದಿಕ್ಕಿಗೆ ದಿನಾ ಗೇಣುಗೇಣು ತಿರುಗುತ್ತಾ ಹೋಗುತ್ತದೆ. ಪೂರ್ತಿ ತಿರುಗಿದ ಮೇಲೆ ಬಾಗಿಲು ಅವರಿಗೆ ಮಾತ್ರ ತೆರೆಯುತ್ತದೆ. ಅಕ್ಕಿ ಗಿರಣಿಯ ಗುರುಶಾಂತಪ್ಪ ಹಾಗೇ ಒಬ್ಬ ಹಮಾಲಿಯ ಕೈಯಲ್ಲಿ ಎತ್ತಿಸಿದ್ದ. ಈಗ ಗುರುಶಾಂತಪ್ಪನ ಮನೆಯವರು ಒಳಗೆ ಹೋಗಬೇಕಾದರೆ ಹಮಾಲಿ ಬಂದು ಬಾಗಿಲು ಮುಟ್ಟಬೇಕು. ಪಾಪ, ಹಮಾಲಿಗೆ ಅದರಿಂದ ಸುಖವಿಲ್ಲ. ದಿನಕ್ಕೆ ಎಂಟು ಸಲ ಕರೆ ಬರುತ್ತದೆ.

ನಾನು ಕನ್ನಡಕದ ಅಂಗಡಿಯವನು. ಜೀವಮಾನದಲ್ಲಿ ಎತ್ತಿದ ಅತಿ ಭಾರದ ವಸ್ತು ಯಾವುದೆಂದರೆ ರಾಚಮ್ಮನ ಚಷ್ಮಾ. ನಮ್ಮಪ್ಪ ಇರುವವರೆಗೆ ಕಲ್ಲು ಅವರೇ ಎತ್ತುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಲ್ಲು ಜಗಲಿಯ ಮೇಲೇ ಉಳಿಯಿತು, ಮನೆ ಎರಡು ಮೆಟ್ಟಿಲು ಇಳಿಯುವುದರೊಳಗೆ ನನ್ನ ಮದುವೆಯಾಯಿತು. ಹೆಂಡತಿ ಮನೆಗೆ ಬಂದ ದಿನ ಕಲ್ಲು ಕೆಳಗೆ ತಳ್ಳಿ, ಸಂಜೆ ಅವಳ ಮುಂದೆ ಗತ್ತಿನಿಂದ ಬಗ್ಗಿದೆ. ಕಲ್ಲು ಅಲುಗಲಿಲ್ಲ. ನಾನೂ ಅಲುಗಲಿಲ್ಲ, ಯಾಕೆಂದರೆ ಸೊಂಟ ಹಿಡಿದುಕೊಂಡಿತ್ತು. ಮಂಗಳಾ ಗಾಣದ ಮನೆಯಲ್ಲಿ ಹುಟ್ಟಿ ಎಣ್ಣೆಡಬ್ಬಿ, ಹಿಂಡಿಮೂಟೆ ಹೊತ್ತು ಬೆಳೆದವಳು. "ಸ್ವಲ್ಪ ಸರೀರಿ" ಅಂದಳು. ಸೆರಗು ಸಿಕ್ಕಿಸಿದಳು. ಅಷ್ಟೇ, ಕಲ್ಲು ಜಗಲಿ ಮೇಲಿತ್ತು. "ಹೋಗಿ, ಜಗಲಿ ಮೇಲೆ ಕೈ ಕೊಡವಿಕೊಂಡು ನಿಂತ್ಕೊಳ್ಳಿ. ಜನ ನೋಡ್ತಾರೆ" ಅಂದಳು. ಹೋಗಿ ನಿಂತೆ. ಆ ನಿಂತವನು ಇಪ್ಪತ್ತೆರಡು ವರ್ಷ ನಿಂತೇ ಇದ್ದೆ ಅನ್ನಿ.

ಈ ವರ್ಷ ಮಂಗಳಾ ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜ ಮುರಿದುಕೊಂಡಳು. ಆಪರೇಷನ್ ಆಯಿತು, ಭುಜಕ್ಕೆ ತಗಡು ಕೂತಿತು. ಮನೆಗೆ ಕಳಿಸುವಾಗ ಡಾಕ್ಟರು "ಇನ್ಮೇಲೆ ಅರ್ಧ ಕೊಡ ನೀರಿಗಿಂತ ಹೆಚ್ಚು ಭಾರ ಎತ್ತಬಾರದು, ಜನ್ಮಪೂರ್ತಿ" ಅಂದರು. ಮಂಗಳಾ ನನ್ನ ಮುಖ ನೋಡಿದಳು. ನಾನು ಡಾಕ್ಟರ ಕನ್ನಡಕ ನೋಡಿದೆ. ನಮಗೆ ಮಕ್ಕಳಿಲ್ಲ. ಮನೆಯವರು ಅಂದರೆ ನಾವಿಬ್ಬರೇ.

ಬಿದ್ದ ದಿನಕ್ಕೆ ಹಿಂದಿನ ಸಂಜೆ ಅವಳೇ ಎತ್ತಿಟ್ಟಿದ್ದ ಕಲ್ಲು ಜಗಲಿಯ ಮೇಲೇ ಇತ್ತು. ಇಳಿಸುವುದು ನನಗೂ ಬರುತ್ತದೆ, ತಳ್ಳಿದರಾಯಿತು. ಆದರೆ ಇಳಿಸಿದರೆ ಸಂಜೆ ಎತ್ತಬೇಕು. ಆದ್ದರಿಂದ ಇಳಿಸದೆ ಬಿಟ್ಟೆ. ಮನೆ ನಿಧಾನವಾಗಿ ನೆಲಕ್ಕಿಳಿಯುತ್ತಿತ್ತು. ನಮ್ಮ ಮನೆಗೆ ಮೂರು ಮೆಟ್ಟಿಲು. ಒಂದೊಂದು ಮೆಟ್ಟಿಲು ಮುಳುಗಲು ಹತ್ತು ಹನ್ನೆರಡು ದಿನ ಬೇಕು, ಮೂರೂ ಮುಳುಗಿದರೆ ಬಾಗಿಲು ತೆರೆಯುವುದಿಲ್ಲ. ಅಂದರೆ ಗಟ್ಟಿಮುಟ್ಟಾಗಲು ನನಗೆ ಐದು ವಾರ ಇದೆ. "ನಾನು ಎತ್ತುತ್ತೀನಿ ಮಂಗಳಾ, ನೀನು ಚಿಂತೆ ಬಿಡು" ಅಂದೆ. ಅವಳು "ಹ್ಞೂಂ" ಅಂದಳು. ಆ ಹ್ಞೂಂನಲ್ಲಿ ನಂಬಿಕೆ ಹೆಚ್ಚೇನೂ ಇರಲಿಲ್ಲ.

ನಮ್ಮೂರಲ್ಲಿ ಮೈಗೆ ಬಲ ಬರಿಸಿಕೊಳ್ಳಲು ಎರಡು ಜಾಗ. ಒಂದು ದಸ್ತಗೀರ್ ಉಸ್ತಾದರ ಗರಡಿ. ಅಲ್ಲಿ ಕೆಂಪು ಮಣ್ಣು, ಗದೆ, ಗುಂಡು, ಮರಳಿನ ಮೂಟೆ, ಎಲ್ಲವೂ ಬಿಡಿಬಿಡಿ. ಕೈ ಜಾರಿದರೆ ನಿಮ್ಮ ಕಾಲ ಮೇಲೇ ಬೀಳುತ್ತದೆ. ಮೇಲಾಗಿ ಲಂಗೋಟಿ. ಐವತ್ತರ ಹತ್ತಿರದ ಕನ್ನಡಕದಂಗಡಿಯವನನ್ನು ಲಂಗೋಟಿಯಲ್ಲಿ ನೋಡುವ ಗ್ರಹಚಾರ ಊರಿಗೆ ಬೇಡ ಅನ್ನಿಸಿತು. ಇನ್ನೊಂದು, ನಮ್ಮ ಬೀದಿಯ ದಕ್ಷಿಣ ತುದಿಯಲ್ಲಿ ಕ್ಲೆಮೆಂಟ್ ಹೊಸದಾಗಿ ತೆರೆದ ಜಿಮ್. ಕ್ಲೆಮೆಂಟ್ ಹಡಗಿನಲ್ಲಿ ಕೆಲಸ ಮಾಡಿ ಬಂದ ಪರಸ್ಥಳದವನು, ಒಳ್ಳೆಯ ಮನುಷ್ಯ. ಹಳೆಯ ಗೋದಾಮಿನಲ್ಲಿ ಜಿಮ್, ಅದರ ಹಿಂಬದಿಯಲ್ಲೇ ಅವನ ವಾಸ. ಗೋದಾಮುಗಳು ಏಳುವುದಿಲ್ಲ, ಹಾಗಾಗಿ ಅವನಿಗೆ ಕಲ್ಲೂ ಇಲ್ಲ, ಕಲ್ಲಿನ ಚಿಂತೆಯೂ ಇಲ್ಲ.

ನಾನು ಜಿಮ್ಮಿಗೇ ಸೇರಿದೆ. ಕಾರಣ ಹೇಳಲು ನಾಚಿಕೆಯೇನಿಲ್ಲ: ಅಲ್ಲಿನ ಯಂತ್ರಗಳಿಗೆ ಕುರ್ಚಿ ಇತ್ತು. ಭಾರ ಎತ್ತುವವನಿಗೆ ಕೂರಲು ಮೆತ್ತೆ, ಒರಗಲು ದಿಂಬು! ಇಂಥ ಕಸರತ್ತು ಲೋಕದಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ನಾನು ಇಷ್ಟು ಹೊತ್ತಿಗೆ ಪೈಲ್ವಾನನಾಗಿರುತ್ತಿದ್ದೆ. ಕ್ಲೆಮೆಂಟ್ ಒಂದೊಂದನ್ನೇ ತೋರಿಸಿದ. ಕಬ್ಬಿಣದ ಬಿಲ್ಲೆಗಳ ನಡುವೆ ಒಂದು ಸರಳು ಸಿಕ್ಕಿಸಿದರೆ ಭಾರ ಗೊತ್ತಾಗುತ್ತದೆ. ಎಳೆದರೆ ಬಿಲ್ಲೆಗಳು ಎರಡು ಕಂಬಿಗಳ ನಡುವೆ ನೆಟ್ಟಗೆ ಮೇಲೆ ಹೋಗುತ್ತವೆ, ಬಿಟ್ಟರೆ ನೆಟ್ಟಗೆ ಕೆಳಗೆ ಬರುತ್ತವೆ. "ಹೊಸಬರಿಗೆ ಇದೇ ಒಳ್ಳೇದು ಸಾರ್. ಬೀಳಲ್ಲ, ಉಳುಕಲ್ಲ. ನೀವು ಬಲ ಹಾಕಿ ಸಾಕು, ದಾರಿ ಯಂತ್ರ ನೋಡ್ಕೊಳ್ಳುತ್ತೆ" ಅಂದ. ದಾರಿಯ ಚಿಂತೆ ಬೇರೆಯವರು ಮಾಡುವ ಕೆಲಸ ನನಗೆ ಮೊದಲಿಂದಲೂ ಒಗ್ಗುತ್ತದೆ.

ಮೊದಲ ದಿನ ಎರಡನೇ ಬಿಲ್ಲೆಗೇ ಕಣ್ಣು ಕತ್ತಲಿಟ್ಟಿತು. ಮರುದಿನ ಅಂಗಡಿಯಲ್ಲಿ ಗಿರಾಕಿಯ ಮೂಗಿಗೆ ಕನ್ನಡಕ ಏರಿಸಲು ಕೈ ಮೇಲೇಳಲಿಲ್ಲ, ಅವನೇ ಬಗ್ಗಿ ಮೂಗು ಕೊಟ್ಟ. ಆದರೂ ಬಿಡಲಿಲ್ಲ. ಎರಡನೇ ವಾರ ಐದನೇ ಬಿಲ್ಲೆ, ನಾಲ್ಕನೇ ವಾರ ಒಂಬತ್ತು. ಕೂತು ಕಾಲಲ್ಲಿ ತಳ್ಳುವ ಯಂತ್ರದಲ್ಲಿ ಕಲ್ಲಿಗಿಂತ ಹೆಚ್ಚು ಭಾರ ತಳ್ಳಿದೆ. ಕ್ಲೆಮೆಂಟ್ ಬೆನ್ನು ತಟ್ಟಿದ. ನಾನು ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಂಡೆ. ನಿಂಬೆಹಣ್ಣಿನಷ್ಟು ಏನೋ ಎದ್ದಿತ್ತು. ಅವತ್ತಿಂದ ಬೀದಿಯಲ್ಲಿ ನನ್ನ ನಡಿಗೆಯೇ ಬದಲಾಯಿತು. ಎರಡೂ ಕಂಕುಳಲ್ಲಿ ಒಂದೊಂದು ತೆಂಗಿನಕಾಯಿ ಇಟ್ಟುಕೊಂಡವನ ಹಾಗೆ ಕೈ ಅಗಲಿಸಿ ನಡೆಯತೊಡಗಿದೆ. ರಾಚಮ್ಮ "ಕಂಕುಳಲ್ಲಿ ಕುರು ಎದ್ದಿದೆಯೇನಪ್ಪಾ? ಬೇವಿನ ಸೊಪ್ಪು ಅರೆದು ಹಚ್ಚು" ಅಂದಳು.

ಐದನೇ ವಾರ ಮೂರನೇ ಮೆಟ್ಟಿಲು ಅರ್ಧ ಮುಳುಗಿತು. ಇನ್ನು ಕಾಯುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಕಲ್ಲನ್ನು ತಳ್ಳಿದೆ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲುಗಳು ಒಂದೊಂದಾಗಿ ಮೇಲೆ ಬಂದವು. ಸಂಜೆಗೆ ಮೊದಲೇ ಒಮ್ಮೆ ಎತ್ತಿ ನೋಡೋಣ ಅಂತ ನಾಲ್ಕು ಗಂಟೆಗೆ, ರಾಚಮ್ಮ ಮಲಗಿರುವ ಹೊತ್ತು ನೋಡಿ, ಹೊರಗೆ ಬಂದೆ. ಬಗ್ಗಿದೆ. ಎತ್ತಿದೆ. ದೇವರಾಣೆಗೂ ಕಲ್ಲು ನೆಲ ಬಿಟ್ಟಿತು! ಮೊಣಕಾಲಿನವರೆಗೆ ಬಂತು. ಅಲ್ಲಿ ಅದು ಎಡಕ್ಕೆ ವಾಲಿತು. ಯಂತ್ರದ ಬಿಲ್ಲೆ ಯಾವತ್ತೂ ಎಡಕ್ಕೆ ವಾಲಿರಲಿಲ್ಲ. ವಾಲುವ ವಸ್ತುವಿಗೆ ಏನು ಹೇಳಬೇಕು ಅಂತ ನನ್ನ ಕೈಗೂ ತಿಳಿಯಲಿಲ್ಲ, ಸೊಂಟಕ್ಕೂ ತಿಳಿಯಲಿಲ್ಲ. ಕಲ್ಲು ಹೋದ ಕಡೆಗೇ ನಾನೂ ಹೋದೆ. ದಾಸವಾಳದ ಕುಂಡ ಪುಡಿಪುಡಿಯಾಯಿತು. ಮಣ್ಣಿನಲ್ಲಿ ಕೂತಿದ್ದಾಗ ಒಳಗಿಂದ ಮಂಗಳಾ "ಏನ್ರೀ ಅದು ಸದ್ದು?" ಅಂತ ಕೂಗಿದಳು. "ಬೆಕ್ಕು" ಅಂದೆ.

ಆಮೇಲೆ ಓಡಿದ್ದು ಕ್ಲೆಮೆಂಟನ ಬಳಿಗೆ. ಸಂಜೆಯಾಗುತ್ತಿತ್ತು, ಮನೆಯೊಳಗೆ ಹೆಂಡತಿ ಮಲಗಿದ್ದಳು. ಅವನು ಕೇಳಿಸಿಕೊಂಡು, "ಸಾರ್, ಭಾರ ಅಂದ್ರೆ ಭಾರ. ಕಲ್ಲಿಗೂ ಕಂಬಿ ಕೊಟ್ಟುಬಿಡೋಣ" ಅಂದ. ಹಳೆಯದೊಂದು ಯಂತ್ರದ ಚೌಕಟ್ಟನ್ನು ತಳ್ಳುಗಾಡಿಯಲ್ಲಿ ತಂದು ಜಗಲಿಗೆ ಒತ್ತಿ ನಿಲ್ಲಿಸಿದ. ಎರಡು ಕಂಬಿ, ರಾಟೆ, ತಂತಿ, ಕಲ್ಲು ಕೂರಲು ಒಂದು ತೊಟ್ಟಿಲು, ನಾನು ಕೂರಲು ಮೆತ್ತೆಯ ಕುರ್ಚಿ. ಕೂತು ಎಳೆದೆ. ಕಲ್ಲು ನೆಟ್ಟಗೆ ಮೇಲೇರಿ ಜಗಲಿಯ ಮೇಲೆ ಉರುಳಿತು. ಎದ್ದಿದ್ದ ಮನೆ ಕೂತಿತು. ನನಗೆ ಅಳು ಬಂದುಬಿಟ್ಟಿತು. ಎಳೆದಿದ್ದು ನಾನು, ನಾನು ಮನೆಯವನು, ನಿಯಮ ಎಲ್ಲಿ ಮುರಿಯಿತು? ಜಗಲಿಗೆ ಹತ್ತಿ ಕೈ ಕೊಡವಿಕೊಂಡೆ. ರಾಚಮ್ಮ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿ "ಉಯ್ಯಾಲೆ ಕಟ್ಟಿದೀಯಾ? ಚೆನ್ನಾಗಿದೆ. ಈ ವಯಸ್ಸಲ್ಲಿ ಬೇಕಾದ್ದೇ" ಅಂದಳು. ಒಳಗೆ ಹೋಗಿ ಮಂಗಳಾಗೆ "ಎತ್ತಿದೆ ಕಣೇ!" ಅಂದೆ. ಅವಳು ನನ್ನ ಕೈ ಹಿಡಿದು ಅಂಗೈ ನೋಡಿದಳು. ನೋಡಿ, ಬೆರಳು ಮಡಚಿ ನನಗೇ ವಾಪಸ್ಸು ಕೊಟ್ಟಳು.

ಹನ್ನೆರಡು ದಿನ ಸುಖವಾಗಿ ಕಳೆಯಿತು. ಹದಿಮೂರನೇ ಬೆಳಿಗ್ಗೆ ಕಾಫಿ ಕೊಡಲು ಹೋದರೆ ಮಂಗಳಾ ದಿಂಬಿಗೆ ಒರಗಿ ಗೋಡೆ ನೋಡುತ್ತಿದ್ದಳು. "ರೀ, ನಾನು ಈ ಮನೆಗೆ ಬಂದಾಗಿನಿಂದ ಬೆಳಗಿನ ಬಿಸಿಲು ಕಿಟಕಿಯಿಂದ ನನ್ನ ಮುಖದ ಮೇಲೆ ಬೀಳುತ್ತೆ. ಅದರಿಂದಲೇ ನಂಗೆ ಎಚ್ಚರ ಆಗೋದು. ಹೋದ ವಾರ ಅದು ಕ್ಯಾಲೆಂಡರ್ ಮೇಲೆ ಬೀಳ್ತಿತ್ತು. ಇವತ್ತು ನೋಡಿ, ಕಪಾಟಿನ ಮೇಲಿದೆ" ಅಂದಳು. "ಕಾಲ ಬದಲಾಗ್ತಿದೆ, ಸೂರ್ಯ ಸರೀತಾನೆ" ಅಂದೆ. "ಸೂರ್ಯ ಸರಿಯೋದು ನಂಗೂ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಕ್ಯಾಲೆಂಡರ್‌ವರೆಗೆ ಯಾವತ್ತೂ ಸರಿದಿಲ್ಲ" ಅಂದಳು.

ಹೊರಗೆ ಓಡಿ ನೋಡಿದೆ. ರಾಚಮ್ಮನ ಬಾಗಿಲಿಗೆ ನೇರವಾಗಿದ್ದ ನಮ್ಮ ಬಾಗಿಲು ಈಗ ಓರೆಯಾಗಿ ಬೀದಿಯ ದಕ್ಷಿಣ ತುದಿಯ ಕಡೆಗೆ ಹೊರಳಿತ್ತು. ಜಗಲಿಗೆ ಒತ್ತಿದ್ದ ಚೌಕಟ್ಟೂ ಅದರ ಜೊತೆಗೇ ಸರಿದಿತ್ತು. ಮನೆ ಕ್ಲೆಮೆಂಟನ ಜಿಮ್ಮಿಗೆ ಮುಖ ಮಾಡುತ್ತಿತ್ತು. ಕುರ್ಚಿಯಲ್ಲಿ ಕೂತು ಎಳೆದವನನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎತ್ತಿದ್ದು ಯಂತ್ರ, ಯಂತ್ರದ ಮನೆ ಜಿಮ್ಮು. ಇನ್ನು ಹತ್ತು ಹನ್ನೊಂದು ದಿನಕ್ಕೆ ಪೂರ್ತಿ ತಿರುಗುತ್ತದೆ. ಆಮೇಲೆ ನಮ್ಮ ಮನೆಗೆ ನಾವು ಹೋಗಬೇಕಾದರೆ ಆ ಚೌಕಟ್ಟನ್ನೇ ತಂದು ಬಾಗಿಲಿಗೆ ತಾಗಿಸಬೇಕೋ ಏನೋ! ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ ಆ ಕುರ್ಚಿಯ ದಿಂಬಿಗೆ ಒದ್ದೆ. ಅದು ಮೆತ್ತಗಿದ್ದುದರಿಂದ ಒದ್ದ ಸಮಾಧಾನವೂ ಸಿಗಲಿಲ್ಲ.

ನೇರ ಗರಡಿಗೆ ಹೋದೆ. ದಸ್ತಗೀರ್ ಉಸ್ತಾದರಿಗೆ ಎಪ್ಪತ್ತು ದಾಟಿದೆ, ಬಿಳಿ ಮೀಸೆ, ಕುಳ್ಳು ಆಳು. "ಬಾರಪ್ಪಾ ಪಂಚಾಕ್ಷರಿ. ಬರ್ತೀಯ ಅಂತ ಗೊತ್ತಿತ್ತು. ಪ್ಯಾಂಟ್‌ನಲ್ಲೇ ಇರು, ಹೆದರ್ಬೇಡ" ಅಂದರು. ನಾನು ಯಂತ್ರವನ್ನು ಬೈಯತೊಡಗಿದೆ. ಅವರು ಕೈಯೆತ್ತಿ ತಡೆದರು. "ಅದನ್ಯಾಕೆ ಬೈತೀಯಾ? ಹೋದ ಯುಗಾದೀಲಿ ನಿಂಗೆ ಕೂತರೆ ಏಳೋಕಾಗ್ತಿರಲಿಲ್ಲ. ಈಗ ತೊಡೆ ನೋಡು, ಗಟ್ಟಿಯಾಗಿದೆ. ಅದು ಆ ಹುಡುಗನ ಕುರ್ಚಿ ಕೊಟ್ಟಿದ್ದು. ಬಲ ಬಂದಿದೆ. ಆದ್ರೆ ಕಂಬಿ ಮಧ್ಯ ಕಲಿತ ಬಲಕ್ಕೆ ಬೀಳೋದು ಅಂದ್ರೆ ಏನು ಅಂತ ಗೊತ್ತಿಲ್ಲ. ಅದಕ್ಕೆ ಈಗ ಅದನ್ನ ಹೇಳಿಕೊಡಬೇಕು."

ಹೇಳಿಕೊಟ್ಟ ರೀತಿ ನೋಡಿ. ಅರ್ಧ ತುಂಬಿದ ದೊಡ್ಡ ಕೊಡವೊಂದನ್ನು ಅಪ್ಪಿಕೊಂಡು ಗರಡಿ ಸುತ್ತಬೇಕು. ತುಂಬಿದ ಕೊಡ ಪರವಾಗಿಲ್ಲ, ಅರ್ಧ ಕೊಡದ ನೀರು ಒಳಗೇ ಓಡಾಡುತ್ತದೆ. ನಾನು ಬಲಕ್ಕೆ ಹೋದರೆ ಅದು ಎಡಕ್ಕೆ. ಮೊದಲ ದಿನ ಮೈಯೆಲ್ಲ ಒದ್ದೆ. ಗರಡಿಯ ಪೈಲ್ವಾನರು "ಅಭಿಷೇಕ ಆಯ್ತಾ ಸ್ವಾಮಿ?" ಅಂತ ನಕ್ಕರು. ಆಮೇಲೆ ಮುಕ್ಕಾಲು ತುಂಬಿದ ಮರಳಿನ ಮೂಟೆ. ಯಂತ್ರದಲ್ಲಿ ಒಂಬತ್ತು ಬಿಲ್ಲೆ ಎಳೆದವನು ಇಲ್ಲಿ ಅದರ ಅರ್ಧಕ್ಕೇ ಥರಥರ ನಡುಗಿದೆ. ನನಗೇ ಗೊತ್ತಿಲ್ಲದ ಜಾಗಗಳಲ್ಲಿ ನೋಯುತ್ತಿತ್ತು. ಸೊಂಟದ ಪಕ್ಕ, ಪಾದದ ಅಂಚು, ಕಿರುಬೆರಳು ಕೂಡ. ಕಿರುಬೆರಳಿಗೂ ಒಂದು ಕೆಲಸ ಇದೆ ಅಂತ ಐವತ್ತರ ಹತ್ತಿರ ತಿಳಿಯಿತು.

ಐದನೇ ದಿನ ಉಸ್ತಾದರು ಮೂಟೆ ಇಳಿಸಲು ಹೇಳಿದರು. "ನಾನು ಕಲಿಸೋದು ಇಷ್ಟೇ. ಪ್ರತಿ ಕಲ್ಲಿಗೂ ಅದರದ್ದೇ ಒಂದು ಹೊಟ್ಟೆ ಇರ್ತದೆ. ನಿಮ್ಮನೆ ಕಲ್ಲಿನ ಹೊಟ್ಟೆ ನಂಗೆ ಗೊತ್ತಿಲ್ಲ. ಗೊತ್ತಿರೋರು ನಿಮ್ಮನೇಲೇ ಮಲಗಿದಾರಲ್ಲ, ಅವರನ್ನ ಕೇಳು" ಅಂದರು. "ಅಂದ್ರೆ, ಉಸ್ತಾದ್, ನಿಮಗೆ..." ಅಂದೆ. "ನಂಗೊಬ್ಬನಿಗೇನಾ? ಕಲ್ಲು ಎತ್ತಿದವನ ಕತ್ತು ಹೀಗಿರ್ತದೇನಪ್ಪಾ?" ಅಂತ ನನ್ನ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

ಅವತ್ತು ಮಂಗಳಾಳ ಮಂಚದ ಪಕ್ಕ ಕೂತು ಎಲ್ಲ ಒಪ್ಪಿಕೊಂಡೆ. ರಾಟೆ, ತೊಟ್ಟಿಲು, ಕುರ್ಚಿ, ಬೆಕ್ಕು, ಎಲ್ಲ. ಮನೆ ಕೈತಪ್ಪುತ್ತಿದೆ ಅಂದೆ. ಅವಳು ಕೇಳಿಸಿಕೊಂಡು "ಅಂಗೈ ನೋಡಿದಾಗಲೇ ಗೊತ್ತಾಯ್ತು. ಕಲ್ಲು ಮುಟ್ಟಿದ ಕೈ ಅಲ್ಲ ಅದು" ಅಂದಳು. "ಮತ್ತೆ ಯಾಕೆ ಸುಮ್ಮನಿದ್ದೆ?" ಅಂತ ರೇಗಿದೆ. ಅವಳಿಗೂ ಸಿಟ್ಟು ಬಂತು. "ನೀವು ಕೇಳ್ತೀರೇನೋ ಅಂತ ಕಾಯ್ತಿದ್ದೆ ರೀ! ಇಪ್ಪತ್ತೆರಡು ವರ್ಷ ಎತ್ತಿದೀನಿ. ಹೇಗೆ ಎತ್ತುತ್ತೀಯ ಮಂಗಳಾ ಅಂತ ಒಂದು ದಿನ ಕೇಳಿದೀರಾ? ಕೈ ಮುರಿದುಕೊಂಡು ಬಿದ್ದ ಮೇಲಾದ್ರೂ ಕೇಳಬಹುದಿತ್ತು. ನೀವು ಹೋಗಿ ಯಂತ್ರಾನ ಕೇಳಿದ್ರಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಆ ಕ್ಷಣ ಆದಷ್ಟು ನಾಚಿಕೆ ಲಂಗೋಟಿಯಲ್ಲಿ ಊರು ಸುತ್ತಿದರೂ ಆಗುತ್ತಿರಲಿಲ್ಲ. "ಈಗ ಕೇಳ್ತೀನಿ. ಹೇಳಿಕೊಡು" ಅಂದೆ.

ಅಡಿಗೆಮನೆಯಿಂದ ದೊಡ್ಡ ಕುಂಬಳಕಾಯಿ ತರಿಸಿ ಮಂಚದಲ್ಲೇ ಕೂತು ಪಾಠ ಮಾಡಿದಳು. "ನಮ್ಮ ಕಲ್ಲಿನ ಹೊಟ್ಟೆ ಎಡಕ್ಕಿದೆ. ಬಿಳಿ ಮಚ್ಚೆ ಇರೋ ಕಡೆ. ಎಡ ಮೊಣಕೈ ಅದರ ಕೆಳಗೆ ಹೋಗಬೇಕು, ಬೆರಳಲ್ಲಿ ಹಿಡೀಬಾರದು. ಮೊದಲು ತೊಡೆ ಮೇಲೆ ತಂದು ಕೂರಿಸ್ಕೊಳ್ಳಿ, ಮಗೂನ ಕೂರಿಸ್ಕೊಳ್ಳೋ ಹಾಗೆ. ಅಲ್ಲಿ ಒಂದು ಉಸಿರು ತಗೊಳ್ಳಿ, ಅವಸರ ಬೇಡ. ಆಮೇಲೆ ಅಪ್ಪಿಕೊಂಡು ಎದ್ದುಬಿಡಿ. ಕೈಯಲ್ಲಿ ಎತ್ತಬೇಡಿ, ಕಾಲಲ್ಲಿ ಏಳಿ." ಒಂದೊಂದಕ್ಕೂ ಬಯ್ಯುತ್ತಿದ್ದಳು. ಬೆನ್ನು ಬಗ್ಗಿಸಿದರೆ ಎಡಗೈಯಿಂದ ಬೆನ್ನಿಗೆ ಗುದ್ದು. ಆರು ದಿನ ಬೆಳಿಗ್ಗೆ ಗರಡಿಯಲ್ಲಿ ಮರಳಿನ ಮೂಟೆ, ಮಧ್ಯಾಹ್ನ ಮನೆಯಲ್ಲಿ ಕುಂಬಳಕಾಯಿ. ಸಂಜೆ ಮಾತ್ರ ಬೇರೆ ದಾರಿಯಿಲ್ಲದೆ ಅದೇ ಹಾಳು ಕುರ್ಚಿ. ಆ ಕುಂಬಳಕಾಯಿ ಕೊನೆಗೆ ಹುಳಿ ಆಯಿತು. ನನ್ನಷ್ಟು ಪೆಟ್ಟು ಅದೂ ತಿಂದಿತ್ತು.

ಏಳನೇ ದಿನ ಬಾಗಿಲು ಕಿರುಗುಟ್ಟಿ ಅರ್ಧಕ್ಕೇ ನಿಂತಿತು. ಭುಜ ಕೊಟ್ಟು ನೂಕಿ ಹೊರಬಂದೆ. ಜಿಮ್ಮಿನ ಫಲಕ ನಮ್ಮ ಹೊಸ್ತಿಲಿನಿಂದ ನೇರ ಓದಬಹುದಾಗಿತ್ತು. ಅವತ್ತೇ ಸಂಜೆ ಕೈಯಿಂದ ಎತ್ತಬೇಕು, ಇಲ್ಲದಿದ್ದರೆ ಮನೆ ಹೋದ ಹಾಗೇ. ಕ್ಲೆಮೆಂಟನಿಗೆ ಹೇಳಿಕಳಿಸಿದೆ. ಅವನು ಪಾನಾ ಹಿಡಿದು ಬಂದು, ತಲೆ ತಗ್ಗಿಸಿ, ಚೌಕಟ್ಟು ಬಿಚ್ಚಿ ಹಾಕಿದ. "ನನ್ನಿಂದಾನೇ ಆಯ್ತು ಸಾರ್" ಅಂದ. "ಹುಚ್ಚಪ್ಪಾ, ನಿನ್ನ ಕುರ್ಚಿ ಇಲ್ಲದಿದ್ರೆ ನಂಗೆ ತೊಡೆಯೇ ಇರ್ತಿರಲಿಲ್ಲ" ಅಂದೆ. ಉಸ್ತಾದರೂ ಬಂದರು. ನಾನು ಮಂಗಳಾಗೆ ರಾಚಮ್ಮನ ಮನೆಗೆ ಹೋಗು ಅಂದೆ. ಕಲ್ಲು ಜಾರಿದರೆ ಮನೆ ಅವಳನ್ನೂ ಹೊತ್ತುಕೊಂಡು ಹೋಗುತ್ತದೆ. ಅವಳು ಮಂಚ ಬಿಟ್ಟು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. "ನನ್ನ ಮನೆ ಇದು. ನಾನು ಇಲ್ಲೇ ಇರ್ತೀನಿ. ನೀವು ಎತ್ತಿ" ಅಂದಳು.

ಸೂರ್ಯ ಮುಳುಗಿದ. ರಾಚಮ್ಮನ ದೀಪ ಹತ್ತಿತು. ನಾನು ಬಗ್ಗಿದೆ. ಮೊದಲ ಸಲ ಕಲ್ಲು ಮೊಣಕಾಲು ಮುಟ್ಟಿ ಜಾರಿತು, ನೆಲದ ಮೇಲೆ ಧೊಪ್ಪೆಂದಿತು. ತಲೆಯೆತ್ತಿದರೆ ಜಗಲಿ ಒಂದು ಗೇಣು ಮೇಲಿದೆ! ತಡ ಮಾಡಿದಷ್ಟೂ ಎತ್ತರ ಹೆಚ್ಚುತ್ತದೆ. ಕಿಟಕಿಯಲ್ಲಿ ಮಂಗಳಾಳ ಮುಖವೂ ಅಷ್ಟು ಮೇಲೇರಿತ್ತು. ಮತ್ತೆ ಬಗ್ಗಿದೆ. "ಉಸಿರು ಬಿಡಿ ಸಾರ್, ಬಿಡಿ!" ಅಂತ ಕ್ಲೆಮೆಂಟ್. "ಉಸಿರು ಹಿಡಿ, ಹಿಡಿಯಪ್ಪಾ!" ಅಂತ ಉಸ್ತಾದರು. "ಮೊದಲು ಬಿಡಬೇಕು!" "ನೀನು ಸುಮ್ನಿರೋ, ಹಿಡೀಬೇಕು!" ನಾನು ಅರ್ಧ ಬಿಟ್ಟು ಅರ್ಧ ಹಿಡಿದು ಕಣ್ಣು ಗುಡ್ಡೆ ಹೊರಬರುವ ಹಾಗೆ ನಿಂತಿದ್ದೆ. ಆಗ ಮೇಲಿಂದ ಮಂಗಳಾಳ ದನಿ ಬಂತು. "ನೀವಿಬ್ರೂ ಬಾಯಿ ಮುಚ್ಚಿ! ರೀ, ಬಿಳಿ ಮಚ್ಚೆ. ಎಡ ಮೊಣಕೈ."

ಎಡ ಮೊಣಕೈಯನ್ನು ಬಿಳಿ ಮಚ್ಚೆಯ ಕೆಳಗೆ ತೂರಿಸಿದೆ. ಕಲ್ಲು ನೆಲ ಬಿಟ್ಟು ತೊಡೆಯ ಮೇಲೆ ಬಂತು. ಕೂರಿಸಿಕೊಂಡೆ. ಅದು ಎಡಕ್ಕೆ ವಾಲಿತು. ಈ ಸಲ ಸೊಂಟದ ಪಕ್ಕ, ಪಾದದ ಅಂಚು, ಕಿರುಬೆರಳು, ಎಲ್ಲ ಒಟ್ಟಿಗೆ ಬೇಡ ಅಂದವು. ಕಲ್ಲು ನಿಂತಿತು. ಒಂದು ಉಸಿರು ತೆಗೆದುಕೊಂಡೆ. ಜಗಲಿ ಆಗಲೇ ನನ್ನ ಎದೆಯ ಮಟ್ಟಕ್ಕೆ ಬಂದಿತ್ತು. "ಏಳಿ" ಅಂದಳು ಮಂಗಳಾ. ಆ ಕುರ್ಚಿಯಲ್ಲಿ ಕೂತು ತಳ್ಳಿದ ಐದು ವಾರವೂ ತೊಡೆಯೊಳಗಿಂದ ಎದ್ದು ಬಂತು. ಎದ್ದೆ. ಬಾಯಿಂದ ಎಮ್ಮೆ ಕೂಗಿನಂಥ ಸದ್ದು ಬಂತು, ಅದನ್ನು ಇಡೀ ಬೀದಿ ಕೇಳಿತು. ಕಲ್ಲು ಜಗಲಿಯ ಅಂಚಿಗೆ ತಾಗಿತು, ಎದೆಯಿಂದ ನೂಕಿದೆ, ಗದ್ದದಿಂದಲೂ ನೂಕಿದೆ. ಉರುಳಿ ಒಳಗೆ ಹೋಯಿತು. ಮನೆ ನಿಟ್ಟುಸಿರು ಬಿಟ್ಟು, ರಾಚಮ್ಮನ ಬಾಗಿಲಿನ ಕಡೆಗೆ ಒಂದು ಗೇಣು ವಾಪಸ್ಸು ಹೊರಳಿ ಕೂತಿತು. ನಾನೂ ಕೂತೆ, ಮಣ್ಣಿನಲ್ಲಿ.

ಸುಧಾರಿಸಿಕೊಂಡು ಮೆಟ್ಟಿಲು ಹತ್ತಿ ಜಗಲಿಯ ಮೇಲೆ ನಿಂತೆ. ಗದ್ದ ತರಚಿತ್ತು. ಕಲ್ಲಿನ ಮೇಲೆ ಅಂಗೈಯಿಟ್ಟೆ. ಬೆಚ್ಚಗಿತ್ತು. ಇಂಥದ್ದನ್ನು ಹಬ್ಬ, ಜ್ವರ, ತಲೆನೋವು ಅನ್ನದೆ ಒಬ್ಬಳೇ ದಿನಾ ಎತ್ತಿದ್ದಳಲ್ಲ ಅಂತ ಯೋಚಿಸಿದೆ. ಎದುರಿನಿಂದ ರಾಚಮ್ಮ ಯಾವತ್ತಿನ ಹಾಗೇ ಕೇಳಿದಳು. "ಆಯ್ತೇನಪ್ಪಾ ಪಂಚಾಕ್ಷರಿ, ಕಲ್ಲು?"

"ಆಯ್ತು ರಾಚಮ್ಮಾ. ಆದ್ರೆ ಇದು ಮೊದಲನೇ ಸಲ" ಅಂದೆ. ಊರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿಯೇ ಅಂದೆ. "ಇಷ್ಟು ವರ್ಷ ಎತ್ತಿದ್ದು ಮಂಗಳಾ."

"ಅದು ಗೊತ್ತಿಲ್ದೇ ಏನು! ಮೊದಲನೇ ಸಲ ಅನ್ನೋದೂ ಗೊತ್ತಾಯ್ತು" ಅಂದಳು ರಾಚಮ್ಮ. "ಇವತ್ತು ನೀನು ಕೈ ಕೊಡವಿಕೊಳ್ಳಲೇ ಇಲ್ವಲ್ಲ."

ಕಿಟಕಿಯೊಳಗಿಂದ ಮಂಗಳಾ ಜೋರಾಗಿ ನಕ್ಕಳು. ಭುಜ ನೋಯುತ್ತಿರಬೇಕು, ನಡುನಡುವೆ "ಅಯ್ಯೋ, ಅಮ್ಮಾ" ಅನ್ನುತ್ತಾ ಮತ್ತೆ ನಗುತ್ತಿದ್ದಳು. "ದಿನಾ ನಾನು ಒಲೆ ಮುಂದೆ ಕೂತು ಅದನ್ನೇ ನೋಡ್ತಿದ್ದೆ ರೀ. ನೀವು ಏದುಸಿರು ಬಿಡೋದು ನೋಡಿದ್ರೆ ಕಲ್ಲಿನ ಭಾರ ಅರ್ಧ ಇಳಿದುಹೋಗ್ತಿತ್ತು" ಅಂದಳು. ಆಮೇಲೆ, "ಒಂದ್ಸಲ ಕೊಡವಿಬಿಡಿ. ನೋಡ್ತೀನಿ" ಅಂದಳು.

ಅವಳ ಕಡೆಗೆ ತಿರುಗಿ ಅಂಗೈಗಳನ್ನು ಪಟಪಟ ಬಡಿದೆ. ಧೂಳು ಹಾರಿ ನನ್ನ ಕಣ್ಣಿಗೇ ಬಿತ್ತು.